ಬೀಗದ ಕೈ ಹಿಡಿದವಳು

ಇತಿಹಾಸದ ಪಾಠ ಹೇಳುತ್ತಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಯಾವ ರಾಜ ಎಂದು ಪಟ್ಟವೇರಿದ, ಯಾವ ಯುದ್ಧ ಗೆದ್ದ ಎಂಬುದನ್ನೇ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ರಾಜ್ಯವನ್ನು ದಿನದಿನವೂ ನಡೆಸಿದವರು ಯಾರು ಎಂಬ ಪ್ರಶ್ನೆ ಪರೀಕ್ಷೆಗೆ ಬರುವುದೇ ಇಲ್ಲ. ಅಮೆರಿಕದಲ್ಲಿ ಹುಟ್ಟಿದ ಒಂದು ಸಂಘದ ಬಗ್ಗೆ ಓದಿದಾಗ ನನಗೆ ಈ ಪ್ರಶ್ನೆ ಬಲವಾಗಿ ಕಾಡಿತು.

1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಡಯಾನಾ ಪ್ಯಾಕ್ಸನ್ ಎಂಬಾಕೆಯ ಮನೆಯ ಹಿತ್ತಲಿನಲ್ಲಿ, ಗೆಳೆಯರೆಲ್ಲ ಮಧ್ಯಯುಗದ ಯೂರೋಪಿನ ಉಡುಪು ತೊಟ್ಟು ಕತ್ತಿಕಾಳಗದ ಪಂದ್ಯ ನಡೆಸಿದರು. ಒಂದು ದಿನದ ಆ ಆಟ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ' ಎಂಬ ಸಂಘವಾಗಿ, ಈಗ 20 'ರಾಜ್ಯ'ಗಳಾಗಿ ಹರಡಿದೆ. ಯೂರೋಪಿನ ರಾಜ್ಯಕ್ಕೆ ಡ್ರಾಖನ್‌ವಾಲ್ಡ್ ಎಂದು ಹೆಸರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಲೋಖಾಕ್.

ಇಲ್ಲಿ ರಾಜನಾಗಲು ಪಂದ್ಯದಲ್ಲಿ ಗೆಲ್ಲಬೇಕು. ಕತ್ತಿ ಬೆತ್ತದ್ದು! ನಮ್ಮ ಕಾಲದ ಮೇಷ್ಟ್ರ ಕೈಯಲ್ಲಿರುತ್ತಿತ್ತಲ್ಲ, ಅದೇ ಜಾತಿಯದು. ಗೆದ್ದವರು ಯಾರ ಹೆಸರಿನಲ್ಲಿ ಹೋರಾಡಿದರೋ ಅವರೂ ಜೊತೆಗೆ ಸಿಂಹಾಸನವೇರುತ್ತಾರೆ. ಆದರೆ ಆ ವೈಭವ ನಾಲ್ಕಾರು ತಿಂಗಳದ್ದು ಮಾತ್ರ.

ರಾಜ್ಯದ ಬೇರು ಇರುವುದು ಊರೂರಿನ ಶಾಖೆಗಳಲ್ಲಿ. ಚಿಕ್ಕ ಶಾಖೆ 'ಶೈರ್'. ಅದಕ್ಕೆ ಐದು ಸದಸ್ಯರಿದ್ದರೆ ಸಾಕು. 'ಬ್ಯಾರನಿ' ಎನಿಸಿಕೊಳ್ಳಲು ಕಡೇಪಕ್ಷ 25 ಜನ ಬೇಕು. ವಿಶ್ವವಿದ್ಯಾಲಯಗಳಲ್ಲಿರುವುದು 'ಕಾಲೇಜ್'. ಶಾಖೆಯ ಹೊಣೆಯೆಲ್ಲ ಹೊರುವವರು ಸೆನೆಶಲ್. ಲೆಕ್ಕಪತ್ರ ಬರೆಯುವವರು ಎಕ್ಸ್‌ಚೆಕರ್. ಕಾಳಗದ ಸುರಕ್ಷತೆ ನೋಡಲು ಮಾರ್ಷಲ್, ಹೊಲಿಗೆ ಅಡಿಗೆ ಮೊದಲಾದ ಹಳೆಯ ಕಲೆಗಳನ್ನು ಕಲಿಸುವ ಏರ್ಪಾಡಿಗೆ ಇನ್ನೊಬ್ಬರು.

ನನಗೆ ತುಂಬ ಹಿಡಿಸಿದ್ದು 'ಶಾಟಲೇನ್' ಎಂಬ ಹುದ್ದೆ. ಆ ಪದಕ್ಕೆ ಕೋಟೆಯ ಒಡತಿ ಎಂದರ್ಥ. ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದ ನಮ್ಮ ಅಜ್ಜಿಯಂದಿರ ಹಾಗೆ. ಇಲ್ಲಿ ಆಕೆಯ ಕೆಲಸ ಹೊಸಬರನ್ನು ಬರಮಾಡಿಕೊಳ್ಳುವುದು. ಉಡುಪಿಲ್ಲದೆ ಬಂದವರಿಗೆ ಆ ದಿನದ ಮಟ್ಟಿಗೆ ಹಾಕಿಕೊಳ್ಳಲು ಒಂದು ನಿಲುವಂಗಿ ಹುಡುಕಿ ಕೊಡುವುದೂ ಉಂಟು.

ರಾಜ ಬದಲಾದರೆ ಶಾಖೆಗೆ ಏನೂ ಆಗುವುದಿಲ್ಲ. ಲೆಕ್ಕ ಬರೆಯಲು, ಹೊಣೆ ಹೊರಲು ಯಾರೂ ಮುಂದೆ ಬಾರದಿದ್ದರೆ ಮಾತ್ರ ಶಾಖೆಯೇ ನಿಂತುಹೋಗುತ್ತದೆ. ಆಟದ ರಾಜ್ಯವಾದರೂ ಅದು ಹೇಳುವ ಮಾತು ಆಟದ್ದಲ್ಲ.

ನಮ್ಮ ಮಹಿಳಾ ಸಮಾಜಗಳನ್ನೇ ನೋಡಿ. ಅಧ್ಯಕ್ಷೆಯ ಕುರ್ಚಿಗೆ ಪೈಪೋಟಿ ಇದ್ದೇ ಇರುತ್ತದೆ. ಖಜಾಂಚಿ ಯಾರಾಗುತ್ತೀರಿ ಎಂದರೆ ಎಲ್ಲರೂ ಸೆರಗು ಸರಿಮಾಡಿಕೊಳ್ಳುತ್ತಾರೆ. ಕೊನೆಗೆ ಮೂಲೆಯಲ್ಲಿ ಕೂತಿದ್ದ ಒಬ್ಬಾಕೆ, "ಕೊಡಿ, ನಾನೇ ಬರೀತೀನಿ" ಎಂದು ಪುಸ್ತಕಕ್ಕೆ ಕೈ ಚಾಚುತ್ತಾಳೆ. ಸಮಾಜ ಇನ್ನೊಂದು ವರ್ಷ ಉಳಿಯುವುದು ಅವಳಿಂದ.