ವಂಶಾವಳಿ: ಪರಿಚಯದಿಂದ ಪ್ರತಿಷ್ಠೆಯವರೆಗೆ

ಜನಾಂಗ, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕೆ, ಶ್ರೇಷ್ಠತೆಗೆ ಆಧಾರ ಧರ್ಮನಿಷ್ಠೆ ಮಾತ್ರ ಎಂಬುದು ಪವಿತ್ರ ಕುರ್‌ಆನಿನ ‘ಅಲ್ ಹುಜುರಾತ್’ ಅಧ್ಯಾಯದ 13ನೇ ಸೂಕ್ತದ ಸಾರ. ಆದರೂ ಮದುವೆಯ ಮಾತು ಬಂದಾಗ ಹುಡುಗನ ನಡತೆಗಿಂತ ಮೊದಲು ಖಾಂದಾನು ವಿಚಾರಿಸುವವರು ನಮ್ಮಲ್ಲಿದ್ದಾರೆ. ಪರಿಚಯದ ಸಾಧನ ಪ್ರತಿಷ್ಠೆಯ ಸಾಧನವಾದದ್ದು ಹೇಗೆ? ಅರಬರ ‘ಇಲ್ಮುಲ್ ಅನ್ಸಾಬ್’, ಅಂದರೆ ವಂಶಾವಳಿ ಶಾಸ್ತ್ರದ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ.

ಇಸ್ಲಾಮಿಗೆ ಮುಂಚಿನ ಹಿಜಾಝ್‌ನಲ್ಲಿ ರಾಜನಾಗಲಿ, ಪೊಲೀಸರಾಗಲಿ ಇರಲಿಲ್ಲ. ಕೊಲೆ ನಡೆದರೆ ಪರಿಹಾರ ಕೇಳುವವರೂ ಕೊಡುವವರೂ ಗೋತ್ರದವರೇ. ಆದ್ದರಿಂದ ಪೂರ್ವಜರ ಹೆಸರು ತಿಳಿದಿರುವುದು ಜೀವರಕ್ಷಣೆಯ ಪ್ರಶ್ನೆಯಾಗಿತ್ತು. ವಂಶಗಳನ್ನು ಬಾಯಿಪಾಠವಾಗಿ ಬಲ್ಲವರನ್ನು ‘ನಸ್ಸಾಬ’ ಎನ್ನುತ್ತಿದ್ದರು. ಕುರೈಶರಲ್ಲಿ ಹ. ಅಬೂಬಕರ್(ರ) ಈ ವಿದ್ಯೆಗೆ ಹೆಸರಾಗಿದ್ದರು.

ಕ್ರಿ.ಶ. 641ರ ಸುಮಾರಿಗೆ ಖಲೀಫಾ ಉಮರ್(ರ) ‘ದೀವಾನ್’ ಎಂಬ ವೇತನ ದಾಖಲೆಯನ್ನು ಆರಂಭಿಸಿದರು. ಅದನ್ನು ಬರೆಯಲು ಅಖೀಲ್ ಬಿನ್ ಅಬೀತಾಲಿಬ್, ಮಖ್ರಮ ಬಿನ್ ನೌಫಲ್ ಮತ್ತು ಜುಬೈರ್ ಬಿನ್ ಮುತ್‌ಇಮ್ ಎಂಬ ಮೂವರು ವಂಶಜ್ಞರನ್ನು ನೇಮಿಸಿದರು. ಮೊತ್ತ ನಿಗದಿಯಲ್ಲಿ ಇಸ್ಲಾಮಿಗಾಗಿ ಮೊದಲು ಶ್ರಮಿಸಿದವರಿಗೆ ಆದ್ಯತೆಯಿತ್ತು. ಆದರೆ ಪಟ್ಟಿ ಸಾಗಿದ್ದು ಗೋತ್ರವಾರು. ಬಾಯಿಂದ ಬಾಯಿಗೆ ಹರಿಯುತ್ತಿದ್ದ ನೆನಪು ಹೀಗೆ ಕಡತಕ್ಕಿಳಿಯಿತು, ಅದಕ್ಕೆ ಹಣದ ಬೆಲೆಯೂ ಬಂತು. ಕೂಫಾ, ಬಸ್ರಾಗಳ ಬೀದಿಗಳೂ ಗೋತ್ರವಾರು ಹಂಚಿಕೆಯಾದವು. ಇಸ್ಲಾಮ್ ಸ್ವೀಕರಿಸಿದ ಅರಬೇತರರು ಯಾವುದಾದರೊಂದು ಗೋತ್ರದ ‘ಮೌಲಾ’ಗಳಾಗಿ ಗುರುತಿಸಿಕೊಳ್ಳಬೇಕಾಯಿತು. ಲಾಭವಿದ್ದಲ್ಲಿ ಪೈಪೋಟಿ ಹುಟ್ಟದಿರುತ್ತದೆಯೇ? ರಾಜಕೀಯ ಮೈತ್ರಿ ಬದಲಾದಂತೆ ಕೆಲವು ಗೋತ್ರಗಳ ಮೂಲಪುರುಷರೇ ಬದಲಾದರು. ‘ಖುದಾಅ’ ಗೋತ್ರ ಉತ್ತರದ ಅರಬರದೋ ದಕ್ಷಿಣದವರದೋ ಎಂಬ ವಿವಾದ ಇದಕ್ಕೆ ಪ್ರಸಿದ್ಧ ಉದಾಹರಣೆ.

ಕ್ರಿ.ಶ. 833ರಲ್ಲಿ ಅಬ್ಬಾಸಿ ಖಲೀಫಾ ಮುಅ್‌ತಸಿಮ್ ಈಜಿಪ್ಟಿನ ಅರಬರನ್ನು ದೀವಾನ್‌ನಿಂದ ಕೈಬಿಟ್ಟರು. ಅಷ್ಟರಲ್ಲಾಗಲೇ ವಂಶಜ್ಞಾನ ವಿದ್ವಾಂಸರ ಗ್ರಂಥಗಳಲ್ಲಿ ನೆಲೆಯೂರಿತ್ತು. ಕೂಫಾದ ಹಿಶಾಮ್ ಇಬ್ನುಲ್ ಕಲ್ಬಿ, ನಂತರ ಬಲಾದುರಿ, ಸ್ಪೇನಿನ ಇಬ್ನು ಹಝ್ಮ್ (994-1064) ಬೃಹತ್ ಸಂಪುಟಗಳನ್ನು ರಚಿಸಿದರು. ಪ್ರವಾದಿವರ್ಯರ(ಸ) ಸಂತತಿಯೆಂದು ಹೇಳಿಕೊಳ್ಳುವವರ ದಾಖಲೆ ಪರಿಶೀಲಿಸಲು ‘ನಖೀಬ್’ ಎಂಬ ಅಧಿಕಾರಿಯೂ ಇದ್ದ. ಗೌರವ, ಸವಲತ್ತುಗಳಿಗಾಗಿ ಸುಳ್ಳು ಹೇಳುವವರು ಇದ್ದುದರಿಂದಲೇ ಇಂತಹ ಹುದ್ದೆ ಬೇಕಾಯಿತೆಂಬುದನ್ನು ಮರೆಯಬಾರದು.

1377ರಲ್ಲಿ ‘ಮುಖದ್ದಿಮ’ ಬರೆದ ಇಬ್ನು ಖಲ್ದೂನ್ ವಂಶವನ್ನು ಬಹುಮಟ್ಟಿಗೆ ಕಲ್ಪನೆಯೆಂದೇ ಪರಿಗಣಿಸಿದರು. ಜನರನ್ನು ಒಗ್ಗೂಡಿಸುವುದರಲ್ಲಿ ಮಾತ್ರ ಅದರ ಪ್ರಯೋಜನವನ್ನು ಕಂಡರು.

ಹಾಗೆಂದು ಇಸ್ಲಾಮ್ ವಂಶವನ್ನು ಅಲ್ಲಗಳೆಯುವುದಿಲ್ಲ. ದತ್ತುಮಕ್ಕಳನ್ನೂ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಅದು ಆದೇಶಿಸಿದೆ. ವಾರೀಸು ಹಕ್ಕು ಮತ್ತು ವಿವಾಹ ನಿಷಿದ್ಧತೆಗೆ, ಬಂಧುಗಳ ಹೊಣೆ ಹೊರುವುದಕ್ಕೆ ವಂಶದ ಅರಿವು ಬೇಕು. ಆದರೆ ಅಹಂಕಾರಕ್ಕೆ ಅದರಲ್ಲಿ ಆಧಾರವಿಲ್ಲ. ಹತ್ತು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬರಿಗೂ ಪೂರ್ವಜರ 1024 ಸ್ಥಾನಗಳಿರುತ್ತವೆ. ಇಂದಿನ ಡಿಎನ್‌ಎ ಪರೀಕ್ಷೆಯಲ್ಲಿ ‘ವೈ’ ವರ್ಣತಂತು ಗುರುತಿಸುವುದು ಅವುಗಳಲ್ಲಿ ಒಂದೇ ಒಂದು ಗಂಡು ಎಳೆಯನ್ನು. ಆ ಒಂದು ಎಳೆ ಹಿಡಿದು ಮೆರೆಯುವವರು ಉಳಿದ 1023ನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ?