ಹಾವಿನ ವಿಷ ಮತ್ತು ಪ್ರತಿವಿಷ: ಸಾರ್ವಜನಿಕರಿಗೆ ಮಾಹಿತಿ

ಹಾವಿನ ವಿಷವು ಮಾರ್ಪಟ್ಟ ಜೊಲ್ಲುಗ್ರಂಥಿಗಳಲ್ಲಿ ಉತ್ಪತ್ತಿಯಾಗುವ, ಬಹುಪಾಲು ಪ್ರೋಟೀನುಗಳಿಂದ ಕೂಡಿದ ದ್ರವವಾಗಿದೆ. ಭಾರತದಲ್ಲಿ ಹಾವು ಕಡಿತದಿಂದ ಸಂಭವಿಸುವ ಮರಣಗಳಲ್ಲಿ ಹೆಚ್ಚಿನವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಹಾಗೂ ಗರಗಸಮಂಡಲಗಳಿಂದ ಉಂಟಾಗುತ್ತವೆ. ಕರ್ನಾಟಕದಲ್ಲಿ ಈ ನಾಲ್ಕೂ ಹಾವುಗಳಿವೆ.

ಮಂಡಲದ ಹಾವುಗಳ ವಿಷವು ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಕಡಿದ ಭಾಗವು ಊದಿಕೊಂಡು ತೀವ್ರವಾಗಿ ನೋಯುತ್ತದೆ. ವಸಡುಗಳಿಂದ ರಕ್ತ ಒಸರಬಹುದು. ಆಸ್ಪತ್ರೆಯಲ್ಲಿ ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇರಿಸಿ, ಹೆಪ್ಪುಗಟ್ಟಿದೆಯೇ ಎಂದು ಪರೀಕ್ಷಿಸಲಾಗುತ್ತದೆ.

ನಾಗರಹಾವು ಮತ್ತು ಕಟ್ಟುಹಾವುಗಳ ವಿಷವು ನರಗಳಿಂದ ಸ್ನಾಯುಗಳಿಗೆ ಸಂದೇಶ ತಲುಪದಂತೆ ಮಾಡುತ್ತದೆ. ಇವುಗಳ ಪೈಕಿ ಕಟ್ಟುಹಾವಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಇದು ರಾತ್ರಿ ವೇಳೆ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಸಾಮಾನ್ಯ. ಹಲ್ಲುಗಳು ಚಿಕ್ಕವಾದ್ದರಿಂದ ನೋವಾಗಲಿ ಊತವಾಗಲಿ ಅಷ್ಟಾಗಿ ಇರುವುದಿಲ್ಲ. ಗಾಯದ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಕಾಣಿಸಿಕೊಂಡಾಗ ಅಜೀರ್ಣವೆಂದು ತಿಳಿದು ಮನೆಮದ್ದು ಮಾಡುವುದುಂಟು. ನಂತರ ರೆಪ್ಪೆಗಳು ಜೋತುಬೀಳುತ್ತವೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟವೇ ನಿಲ್ಲುತ್ತದೆ. ಆದುದರಿಂದ ಗಾಯವಿಲ್ಲವೆಂಬ ಕಾರಣಕ್ಕೆ ವಿಷವೇರಿಲ್ಲವೆಂದು ಭಾವಿಸತಕ್ಕದ್ದಲ್ಲ.

ಕುದುರೆಗಳಿಗೆ ಈ ನಾಲ್ಕೂ ಹಾವುಗಳ ವಿಷವನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿ, ಅವುಗಳ ರಕ್ತದಲ್ಲಿ ಉಂಟಾಗುವ ಪ್ರತಿಕಾಯಗಳಿಂದ ಪ್ರತಿವಿಷವನ್ನು ತಯಾರಿಸಲಾಗುತ್ತದೆ. ನಾಲ್ಕಕ್ಕೂ ಔಷಧ ಒಂದೇ ಆಗಿರುವುದರಿಂದ ಹಾವನ್ನು ಹಿಡಿದು ಅಥವಾ ಕೊಂದು ಆಸ್ಪತ್ರೆಗೆ ತರುವ ಅವಶ್ಯಕತೆಯಿಲ್ಲ. ಆದರೆ ಮಲೆನಾಡಿನ ಗುಳಿಮಂಡಲ ಹಾವುಗಳು ಇದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ಅಲ್ಲಿನವರು ಕಂಡ ಹಾವಿನ ವರ್ಣನೆಯನ್ನು ವೈದ್ಯರಿಗೆ ತಿಳಿಸುವುದು ಸೂಕ್ತ. ಮಕ್ಕಳಿಗೂ ವಯಸ್ಕರಷ್ಟೇ ಪ್ರಮಾಣದ ಪ್ರತಿವಿಷ ನೀಡಲಾಗುತ್ತದೆ. ಮಗುವೆಂದು ಹಾವು ಕಡಿಮೆ ವಿಷ ಬಿಡುವುದಿಲ್ಲವಷ್ಟೆ. ಪೋಷಕರು ಇದಕ್ಕೆ ಗಾಬರಿಯಾಗಬೇಕಿಲ್ಲ.

ಪ್ರತಿವಿಷವು ರಕ್ತದಲ್ಲಿ ಸಂಚರಿಸುತ್ತಿರುವ ವಿಷವನ್ನು ಮಾತ್ರ ನಿಷ್ಕ್ರಿಯಗೊಳಿಸುತ್ತದೆ. ಕಟ್ಟುಹಾವಿನ ವಿಷದಿಂದ ಈಗಾಗಲೇ ಹಾನಿಗೊಂಡ ನರತುದಿಗಳನ್ನು ಅದು ಸರಿಪಡಿಸಲಾರದು. ಅಂತಹ ರೋಗಿಯನ್ನು ದಿನಗಟ್ಟಲೆ ಕೃತಕ ಉಸಿರಾಟದಲ್ಲಿ ಇರಿಸಬೇಕಾಗಬಹುದು. ಗಾಯ ಕೊಯ್ಯುವುದು, ರಕ್ತ ಹೀರುವುದು, ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಇವುಗಳಲ್ಲಿ ಕಳೆಯುವ ಸಮಯವು ಮರಳಿ ಬಾರದು. ಉಂಗುರ, ಬಳೆ, ಕಾಲ್ಗೆಜ್ಜೆಗಳನ್ನು ತೆಗೆದು, ಕಡಿದ ಅಂಗವನ್ನು ಅಲುಗಾಡಿಸದೆ, ನಡೆಸದೆ, 108 ವಾಹನದಲ್ಲಿ ಅಥವಾ ದೊರೆತ ಯಾವುದೇ ವಾಹನದಲ್ಲಿ ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಕರ್ನಾಟಕದಲ್ಲಿ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಲಾಗಿದ್ದು, ಖಾಸಗಿ ಆಸ್ಪತ್ರೆಗಳೂ ಪ್ರಕರಣಗಳನ್ನು ವರದಿ ಮಾಡಬೇಕಾಗಿರುತ್ತದೆ.