ವಜ್ರಲೇಪ: ಒಂದು ಹೆಸರು, ಎರಡು ಬಗೆಯ ಒಣಗುವಿಕೆ

ಶಿಲ್ಪ, ವಾಸ್ತು, ಪ್ರತಿಷ್ಠಾ ಗ್ರಂಥಗಳ ಪರಿಶೋಧನೆಯಲ್ಲಿ ತೊಡಗಿದವರಿಗೆ 'ವಜ್ರಲೇಪ' ಎಂಬ ಶಬ್ದ ಹೊಸದಲ್ಲ. ಸವೆದ ಜಿನಬಿಂಬಗಳಿಗೆ ವಜ್ರಲೇಪ ಮಾಡಿಸುವ ವಾಡಿಕೆ ಇಂದಿಗೂ ಉಂಟು. ಆದರೆ ಈ ಹೆಸರಿನಿಂದ ಹೇಳಲಾಗುವ ದ್ರವ್ಯವು ಎಲ್ಲ ಗ್ರಂಥಗಳಲ್ಲಿಯೂ ಒಂದೇ ಅಲ್ಲ. ಬೃಹತ್ಸಂಹಿತೆಯ ವಜ್ರಲೇಪಕ್ಕೂ ಮಾನಸೋಲ್ಲಾಸದ ವಜ್ರಲೇಪಕ್ಕೂ ಹೆಸರನ್ನು ಬಿಟ್ಟರೆ ಸಾಮ್ಯವಿಲ್ಲ. ಅವು ಗಟ್ಟಿಯಾಗುವ ರೀತಿಯೇ ಬೇರೆ. ಇದನ್ನು ಗಮನಿಸದೆ ಒಂದರ ಅರ್ಥವನ್ನು ಇನ್ನೊಂದಕ್ಕೆ ಹಚ್ಚಿದರೆ ಪಾಠದ ವ್ಯಾಖ್ಯಾನ ಕೆಡುವುದಲ್ಲದೆ, ಓಲೆಗೂ ಬಿಂಬಕ್ಕೂ ಹಾನಿ ತಟ್ಟುವ ಸಂಭವವಿದೆ.

ವರಾಹಮಿಹಿರನು 6ನೆಯ ಶತಮಾನದವನು. ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಚಿಕ್ಕ ಅಧ್ಯಾಯವನ್ನು ಅವನು ಮೀಸಲಿಟ್ಟಿದ್ದಾನೆ. ಎಳಸಾದ ತಿಂದುಕ ಮತ್ತು ಕಪಿತ್ಥದ ಕಾಯಿ, ಬೂರುಗದ ಹೂವು, ಸಲ್ಲಕಿಯ ಬೀಜ, ಧನ್ವನದ ತೊಗಟೆ, ಬಜೆ ಇವುಗಳನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಪಾಲು ಉಳಿಯುವವರೆಗೆ ಕುದಿಸಬೇಕು. ಆ ಕಷಾಯಕ್ಕೆ ಶ್ರೀವಾಸಕ, ಬೋಳ, ಗುಗ್ಗುಲು, ಭಲ್ಲಾತಕ, ಕುಂದುರುಕ, ಸರ್ಜರಸ, ಅತಸೀ, ಬಿಲ್ವ ಇವುಗಳ ಕಲ್ಕವನ್ನು ಕೂಡಿಸಬೇಕು. ಹೀಗೆ ಸಿದ್ಧವಾದುದನ್ನು ಬಿಸಿಯಾಗಿರುವಾಗಲೇ ದೇವಾಲಯ, ಪ್ರಾಸಾದ, ಪ್ರತಿಮೆ, ಗೋಡೆ, ಬಾವಿಗಳಿಗೆ ಹಚ್ಚಿದರೆ ಅದು ಸಹಸ್ರಾಯುತ ವರ್ಷ, ಎಂದರೆ ಒಂದು ಕೋಟಿ ವರ್ಷ, ನಿಲ್ಲುವುದೆಂದು ಆಚಾರ್ಯನ ಮಾತು. ಕಾಲಪ್ರಮಾಣವನ್ನು ಪ್ರಶಂಸೆಯೆಂದು ತೆಗೆದುಕೊಂಡರೂ ಸಾಮಗ್ರಿಯ ಪಟ್ಟಿ ಪ್ರಶಂಸೆಯಲ್ಲ. ಕೊಂಬು, ಕತ್ತೆಯ ಕೂದಲು, ಎಮ್ಮೆಯ ಚರ್ಮ ಮೊದಲಾದವುಗಳಿಂದಾಗುವ ಇನ್ನೊಂದು ಲೇಪವನ್ನೂ ಅದೇ ಅಧ್ಯಾಯ ಹೇಳುತ್ತದೆ, ಆದರೆ ಅದಕ್ಕೆ ವಜ್ರಲೇಪವೆಂಬ ಹೆಸರನ್ನು ಕೊಡದೆ ಬೇರೆ ಹೆಸರಿನಿಂದ ಕರೆಯುತ್ತದೆ. ಸೀಸ, ಕಂಚುಗಳಿಂದಾಗುವ ಮೂರನೆಯದು ಲೋಹಗಳ ಎರಕ. ಪ್ರಕೃತಕ್ಕೆ ಅದು ಬೇಡ.

ಮೊದಲನೆಯ ಯೋಗದಲ್ಲಿ ಎರಡು ದ್ರವ್ಯಗಳು ವಿಶೇಷ ಲಕ್ಷ್ಯಕ್ಕೆ ಅರ್ಹವಾದವು: ಅತಸೀ ಮತ್ತು ಭಲ್ಲಾತಕ.

ಅತಸಿಯೆಂದರೆ ಅಗಸೆ. ಕನ್ನಡದಲ್ಲಿ ಅಗಸೆಯೆಂಬುದು ಅಗಸ್ತ್ಯವೃಕ್ಷಕ್ಕೂ ಸಲ್ಲುವ ಹೆಸರಾದುದರಿಂದ ಕನ್ನಡ ಟೀಕೆಗಳನ್ನು ಓದುವವರು ಎಚ್ಚರ ವಹಿಸಬೇಕು. ಇಲ್ಲಿ ಉದ್ದೇಶಿಸಿರುವುದು ಹೊಲದಲ್ಲಿ ಬೆಳೆಯುವ, ನೀಲಿ ಹೂವಿನ, ನಾರೂ ಎಣ್ಣೆಯೂ ಕೊಡುವ ಗಿಡ. ಇದರ ಬೀಜದ ಎಣ್ಣೆಯನ್ನು ತೆಳುವಾಗಿ ಹಲಗೆಯ ಮೇಲೆ ಸವರಿಟ್ಟರೆ ಕೆಲವು ದಿನಗಳಲ್ಲಿ ಅದು ಕೈಗೆ ಅಂಟದ ಪೊರೆಯಾಗುತ್ತದೆ. ತೆಂಗಿನೆಣ್ಣೆಯಾಗಲಿ ಹರಳೆಣ್ಣೆಯಾಗಲಿ ವರ್ಷವಿಟ್ಟರೂ ಹೀಗಾಗುವುದಿಲ್ಲ. ಒದ್ದೆ ಬಟ್ಟೆಯಿಂದ ನೀರು ಹೋದಂತೆ ಅಗಸೆಯೆಣ್ಣೆಯಿಂದಲೂ ಏನೋ ಒಂದು ಆರಿಹೋಗುವುದರಿಂದ ಅದು ಒಣಗುತ್ತದೆಯೆಂದು ಭಾವಿಸುವುದು ಸಹಜ. ಆದರೆ ತೂಗಿ ನೋಡಿದರೆ ವಿಷಯ ತಿರುವುಮುರುವು. ಒಣಗುವ ಅಗಸೆಯೆಣ್ಣೆಯ ತೂಕ ಮೊದಲು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಅದು ಗಾಳಿಯಿಂದ ಆಮ್ಲಜನಕವನ್ನು ತೆಗೆದುಕೊಳ್ಳುತ್ತದೆ.

ಇದನ್ನು ಅಳೆದು ತೋರಿಸಿದವನು ಜಿನೀವಾ ನಗರದ ನಿಕೊಲಾ ಥಿಯೋಡೋರ್ ದ ಸೊಸ್ಯೂರ್. 1820ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ ಅಕ್ರೋಟಿನ ಎಣ್ಣೆಯ ತೆಳುಪದರವನ್ನು ಪಾದರಸದ ಮೇಲೆ, ಶುದ್ಧ ಆಮ್ಲಜನಕದ ಕೆಳಗೆ, ನೆರಳಿನಲ್ಲಿ ಇಡಲಾಗಿತ್ತು. ಸುಮಾರು ಎಂಟು ತಿಂಗಳಲ್ಲಿ ಅದು ಹೀರಿದ ಅನಿಲ ತನ್ನ ಗಾತ್ರದ ಮೂರು ಪಟ್ಟು ಮಾತ್ರ. ಆಮೇಲೆ ಬೇಸಗೆಯ ಹತ್ತು ದಿನಗಳಲ್ಲಿ ಒಮ್ಮೆಲೆ ಅರವತ್ತು ಪಟ್ಟು ಹೀರಿತು. ದೀರ್ಘಕಾಲ ಸುಮ್ಮನಿದ್ದು ಹಠಾತ್ತಾಗಿ ವೇಗ ಪಡೆಯುವ ಈ ಸ್ವಭಾವದ ಕಾರಣ ಈಗ ಸ್ಪಷ್ಟವಾಗಿದೆ. ಎಣ್ಣೆಯ ಒಂದೊಂದು ಅಣುವಿನಲ್ಲಿ ಗ್ಲಿಸರಾಲಿಗೆ ಮೂರು ಮೇದಾಮ್ಲಗಳ ಉದ್ದ ಸರಪಳಿಗಳು ಜೋತುಬಿದ್ದಿರುತ್ತವೆ. ಅಗಸೆಯೆಣ್ಣೆಯ ಮೇದಾಮ್ಲಗಳಲ್ಲಿ ಅರ್ಧಕ್ಕೂ ಮಿಕ್ಕು ಪಾಲು ಸಾಮಾನ್ಯವಾಗಿ ಲಿನೋಲೆನಿಕ್ ಆಮ್ಲದ್ದು. ಅದರ ಸರಪಳಿಯಲ್ಲಿ ಮೂರು ಕಡೆ ದ್ವಿಬಂಧಗಳಿವೆ. ಎರಡು ದ್ವಿಬಂಧಗಳ ನಡುವಿನ ಇಂಗಾಲಕ್ಕೆ ಅಂಟಿದ ಜಲಜನಕದ ಹಿಡಿತ ಸಡಿಲ. ಅದು ಕಳಚಿದಲ್ಲಿಗೆ ಆಮ್ಲಜನಕ ಬಂದು ಸೇರಿ ಪರಾಕ್ಸೈಡ್ ಆಗುತ್ತದೆ. ಆ ಪರಾಕ್ಸೈಡ್ ಒಡೆದು ನೆರೆಯ ಸರಪಳಿಗಳ ಜಲಜನಕವನ್ನೂ ಕಳಚುತ್ತದೆ. ಹೀಗೆ ಒಂದು ನಾಲ್ಕನ್ನು ಹುಟ್ಟಿಸುತ್ತ ಹೋದಂತೆ ಸರಪಳಿ ಸರಪಳಿಗೆ ಹೆಣೆದುಕೊಂಡು ಕೊನೆಗೆ ಇಡೀ ಪೊರೆಯೇ ಒಂದು ಬಲೆಯಾಗುತ್ತದೆ. ಎಣ್ಣೆಯಲ್ಲಿ ಸಹಜವಾಗಿರುವ ರಕ್ಷಕದ್ರವ್ಯಗಳು ಮುಗಿಯುವವರೆಗೆ ಈ ಕ್ರಿಯೆ ಮೊಳಕೆಯೊಡೆಯದು. ಸೊಸ್ಯೂರನ ಎಂಟು ತಿಂಗಳ ಮೌನಕ್ಕೆ ಇದು ಮುಖ್ಯ ಕಾರಣ.

ಆದುದರಿಂದ ಅಗಸೆಯೆಣ್ಣೆಯ ವಿಷಯದಲ್ಲಿ 'ಒಣಗಿತು' ಎನ್ನುವುದಕ್ಕಿಂತ 'ಬಲಿಯಿತು' ಎನ್ನುವುದು ಹೆಚ್ಚು ಉಚಿತ. ನೀರಿನ ಲೇಪ ಒಣಗುತ್ತದೆ, ಎಣ್ಣೆಯ ಲೇಪ ಬಲಿಯುತ್ತದೆ. ಬಲಿತದ್ದು ಮತ್ತೆ ಎಣ್ಣೆಯಾಗುವುದಿಲ್ಲ. ಪೊರೆ ಕಟ್ಟಿದ ಮೇಲೂ ಕ್ರಿಯೆ ನಿಲ್ಲದೆ ವರ್ಷಗಟ್ಟಲೆ ಮುಂದುವರಿಯುವುದರಿಂದಲೇ ಅದು ಹಳದಿಗಟ್ಟಿ, ಪೆಡಸಾಗಿ, ಬಿರುಕು ಬಿಡುತ್ತದೆ.

ಯಾವ ಎಣ್ಣೆ ಬಲಿಯುತ್ತದೆ, ಯಾವುದು ಬಲಿಯುವುದಿಲ್ಲ ಎಂಬುದನ್ನು ಸಂಖ್ಯೆಯಿಂದ ಹೇಳುವ ವಿಧಾನವನ್ನು ಹ್ಯೂಬ್ಲ್ ಎಂಬ ಆಸ್ಟ್ರಿಯಾದ ರಸಾಯನಜ್ಞ 1884ರಲ್ಲಿ ಕೊಟ್ಟನು. ನೂರು ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ನನ್ನು ತೆಗೆದುಕೊಳ್ಳುವುದೋ ಅದು ಆ ಎಣ್ಣೆಯ ಅಯೋಡಿನ್ ಸಂಖ್ಯೆ. ದ್ವಿಬಂಧಗಳು ಹೆಚ್ಚಿದಷ್ಟೂ ಸಂಖ್ಯೆ ದೊಡ್ಡದು. ಅಗಸೆಗೆ ಸುಮಾರು 170ರಿಂದ 200, ಕುಸುಬೆಗೆ 140ರ ಆಸುಪಾಸು, ಎಳ್ಳಿಗೆ 104ರಿಂದ 120, ಹರಳಿಗೆ 80ರಿಂದ 90, ತೆಂಗಿಗೆ ಹತ್ತರ ಸುತ್ತಮುತ್ತ. ಈ ಕ್ರಮಕ್ಕೆ ಒಂದು ಅಪವಾದವಿದೆ. ಕಚ್ಛದ ರೋಗನ್ ಚಿತ್ರಗಾರರು ಹರಳೆಣ್ಣೆಯನ್ನೇ ಬಹುಕಾಲ ಬೆಂಕಿಯ ಮೇಲಿಟ್ಟು ಗಟ್ಟಿ ಬಣ್ಣದ ಆಧಾರ ಮಾಡಿಕೊಳ್ಳುತ್ತಾರೆ. ಉಗ್ರವಾದ ಕಾವಿನಲ್ಲಿ ಹರಳೆಣ್ಣೆಯ ಅಣುವಿನಿಂದ ನೀರಿನ ಅಂಶ ಕಳಚಿ ಅಲ್ಲೊಂದು ಹೊಸ ದ್ವಿಬಂಧ ಮೂಡಬಲ್ಲುದು. ಆಗ ಬಲಿಯದ ಎಣ್ಣೆಯೂ ಬಲಿಯುವ ಎಣ್ಣೆಯಾಗುತ್ತದೆ. ಸೀಸದ ಭಸ್ಮ ಅಥವಾ ಮೃದ್ದಾರಶೃಂಗವನ್ನು ಸೇರಿಸಿ ಅಗಸೆಯೆಣ್ಣೆಯನ್ನು ಕಾಯಿಸುವ ಹಳೆಯ ಯೂರೋಪಿನ ಪದ್ಧತಿಗೂ ಅರ್ಥವುಂಟು. ಸೀಸ, ಮ್ಯಾಂಗನೀಸ್, ಕೋಬಾಲ್ಟ್‌ಗಳು ಪರಾಕ್ಸೈಡನ್ನು ಬೇಗ ಒಡೆದು ಬಲಿಯುವಿಕೆಯನ್ನು ತ್ವರೆಗೊಳಿಸುತ್ತವೆ.

ಭಲ್ಲಾತಕದ ಸಂಗತಿ ಇನ್ನೂ ಸ್ವಾರಸ್ಯಕರ. ಅಗಸರು ಸುಣ್ಣದೊಡನೆ ಇದರ ರಸವನ್ನು ಬಳಸಿ ಬಟ್ಟೆಗೆ ಅಳಿಸಲಾಗದ ಕರಿಯ ಗುರುತು ಹಾಕುತ್ತಿದ್ದರು. ಕಾಯಿಯ ಸಿಪ್ಪೆಯ ರಸದಲ್ಲಿರುವ ಫಿನಾಲ್ ಜಾತಿಯ ದ್ರವ್ಯಗಳಿಗೂ ಉದ್ದನೆಯ ಇಂಗಾಲದ ಬಾಲವಿದೆ. ಚೀನ, ಜಪಾನುಗಳಲ್ಲಿ ಮರದ ಪಾತ್ರೆಗಳಿಗೆ ಹಚ್ಚುವ ಅರಗಿನಂಥ ಮರದ ಹಾಲಿನಲ್ಲಿರುವುದೂ ಇದರ ಬಂಧುವೇ. ಎರಡೂ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳಿಸುತ್ತವೆ, ಗಾಳಿ ತಾಗಿದರೆ ಕಪ್ಪಾಗುತ್ತವೆ. ಹೀಗೆ ವರಾಹಮಿಹಿರನ ಯೋಗದಲ್ಲಿ ಗಾಳಿಯಿಂದ ಬಲಿಯಬಲ್ಲ ಎರಡು ದ್ರವ್ಯಗಳು, ಅವುಗಳಿಗೆ ಮೈ ಕೊಡುವ ಮೂರು ನಾಲ್ಕು ರಾಳಗಳು, ಎಳಸು ಕಾಯಿಗಳ ಒಗರು ಎಲ್ಲವೂ ಕೂಡಿವೆ. ಇದು ಅನುಭವಿಗಳ ಕೈಯಿಂದ ಬಂದ ಯೋಗವೆಂಬುದರಲ್ಲಿ ಸಂದೇಹಪಡಬೇಕಾಗಿಲ್ಲ.

ಆದರೆ ಇಷ್ಟರಿಂದಲೇ ಪ್ರಾಚೀನ ಭಾರತದಲ್ಲಿ ಎಣ್ಣೆಬಣ್ಣದ ಚಿತ್ರಕಲೆ ಇತ್ತೆಂದು ಸಾರುವುದು ಅತಿವ್ಯಾಪ್ತಿ. ಗ್ರಂಥ ಹೇಳುವುದು ಅತಸಿಯನ್ನು ಮಾತ್ರ, ಅತಸೀತೈಲವನ್ನಲ್ಲ. ಬೀಜವನ್ನು ಅರೆದು ಕಲ್ಕ ಮಾಡಿದಾಗ ಎಣ್ಣೆಯೊಡನೆ ಅದರ ಲೋಳೆಯೂ ಬರುತ್ತದೆ. ಬಣ್ಣದ ಮಾತು ಅಲ್ಲಿ ಇಲ್ಲವೇ ಇಲ್ಲ. ಅದು ಕಟ್ಟಡ ಮತ್ತು ಪ್ರತಿಮೆಗಳ ರಕ್ಷಾಲೇಪ.

ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಸುಮಾರು 1129ರ ಕೃತಿ. ಚಿತ್ರಪ್ರಕರಣದಲ್ಲಿ ಅವನು ವಜ್ರಲೇಪವೆಂದು ಕರೆಯುವುದು ಎಮ್ಮೆಯ ಹಸಿ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ, ಬಿಸಿಲಿನಲ್ಲಿ ಒಣಗಿಸಿದ ಅಂಟನ್ನು. ಬೇಕಾದಾಗ ಅದನ್ನು ನೀರಿನಲ್ಲಿ ಕಾಯಿಸಿ ಕರಗಿಸಿಕೊಂಡು ಬಣ್ಣಕ್ಕೆ ಬೆರೆಸಬೇಕು. ಬೃಹತ್ಸಂಹಿತೆಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಚರ್ಮದ ಲೇಪವು ಆರು ಶತಮಾನಗಳಲ್ಲಿ ಮೊದಲನೆಯದರ ಹೆಸರನ್ನು ಪಡೆದುಕೊಂಡಂತಾಯಿತು. ರಸಾಯನದ ದೃಷ್ಟಿಯಿಂದ ಇವೆರಡೂ ಪರಸ್ಪರ ವಿರುದ್ಧ. ಚರ್ಮದ ಅಂಟು ನೀರನ್ನು ಕಳೆದುಕೊಂಡು ಗಟ್ಟಿಯಾಗುತ್ತದೆ, ಬಿಸಿನೀರು ತಾಗಿದರೆ ಪುನಃ ಕರಗುತ್ತದೆ. ಅದನ್ನು ಮಡಕೆಯಲ್ಲಿಟ್ಟು ಮತ್ತೆ ಮತ್ತೆ ಬಳಸುವಂತೆ ಸೋಮೇಶ್ವರನು ಹೇಳಲು ಸಾಧ್ಯವಾದದ್ದೇ ಈ ಗುಣದಿಂದ. ಬಲಿತ ಎಣ್ಣೆಯ ಕಡ್ಡಿಯನ್ನು ಹಾಗೆ ಕರಗಿಸಲು ಆಗದು.

ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲಾ ಓಲೆಗಳಲ್ಲಿನ ಚಿತ್ರಗಳು ಇದೇ 12ನೆಯ ಶತಮಾನದ ಮೊದಲ ಭಾಗದವೆಂದು ಕಲಾವಿದ್ವಾಂಸರ ಅಭಿಪ್ರಾಯ. ಮಾನಸೋಲ್ಲಾಸ ಸಮಕಾಲೀನವಾದುದರಿಂದ ಆ ಚಿತ್ರಗಳಲ್ಲಿಯೂ ಚರ್ಮದ ಅಂಟೇ ಇರಬೇಕೆಂದು ಊಹಿಸಲು ಮನಸ್ಸು ಎಳೆಯುತ್ತದೆ. ಅದು ಅವಸರದ ಊಹೆ. ಅರಮನೆಯ ಭಿತ್ತಿಗೆ ಹೇಳಿದುದು ಶ್ರೀತಾಳದ ಓಲೆಗೆ, ಅದರಲ್ಲಿಯೂ ಅಹಿಂಸಾವ್ರತಿಗಳ ಆಗಮಗ್ರಂಥದ ಓಲೆಗೆ, ಸಲ್ಲಬೇಕಾದ ನಿಯಮವಿಲ್ಲ. ಮರದ ಗೋಂದೂ ನೀರಿನಲ್ಲಿ ಕರಗುವ, ನೀರು ಆರಿದಾಗ ಹಿಡಿಯುವ ದ್ರವ್ಯವೇ. ಇದು ಸಸ್ಯದ್ದೋ ಪ್ರಾಣಿಯದೋ ಎಂಬುದನ್ನು ಹೇಳಬೇಕಾದುದು ಬಣ್ಣದ ಕಣವೇ ಹೊರತು ಪಕ್ಕದ ರಾಜ್ಯದ ಗ್ರಂಥವಲ್ಲ.

ಅದೇ ತಲೆಮಾರಿನಲ್ಲಿ ಬಹುದೂರದ ಜರ್ಮನಿಯಲ್ಲಿ ಥಿಯೋಫಿಲಸ್ ಎಂಬ ಸಂನ್ಯಾಸಿ ಲ್ಯಾಟಿನಿನಲ್ಲಿ ಕರಕುಶಲ ವಿದ್ಯೆಗಳ ಕೈಪಿಡಿಯೊಂದನ್ನು ಬರೆದನು. ಅಗಸೆಬೀಜದಿಂದ ಎಣ್ಣೆ ತೆಗೆದು ಅದರಲ್ಲಿ ಬಣ್ಣ ಅರೆಯುವ ಕ್ರಮವನ್ನೂ, ಅದೇ ಎಣ್ಣೆಯಲ್ಲಿ ರಾಳ ಬೇಯಿಸಿ ಹೊಳಪಿನ ಲೇಪ ಮಾಡುವುದನ್ನೂ ಅವನು ವಿವರಿಸಿದ್ದಾನೆ. ಜೊತೆಗೆ ಒಂದು ಪದರ ಒಣಗದೆ ಇನ್ನೊಂದನ್ನು ಹಚ್ಚಲಾಗದೆಂದೂ, ಆಕೃತಿಗಳ ಕೆಲಸದಲ್ಲಿ ಇದು ಬಹಳ ಬೇಸರದ ದಾರಿಯೆಂದೂ, ಅವಸರವಿದ್ದರೆ ಚೆರಿ ಅಥವಾ ಪ್ಲಮ್ ಮರದ ಗೋಂದನ್ನು ಬಳಸಬೇಕೆಂದೂ ದೂರಿಕೊಂಡಿದ್ದಾನೆ. ಎಣ್ಣೆ ಬಲಿಯಲು ತೆಗೆದುಕೊಳ್ಳುವ ಕಾಲವನ್ನು ಇಷ್ಟು ಪ್ರಾಮಾಣಿಕವಾಗಿ ದಾಖಲಿಸಿದ ಹಳೆಯ ಬರಹ ವಿರಳ. ಇಟಲಿಯ ವಸಾರಿ 1550ರಲ್ಲಿ ಬರೆದ ಚಿತ್ರಕಾರರ ಚರಿತ್ರೆಯಲ್ಲಿ ಎಣ್ಣೆಬಣ್ಣವನ್ನು ಕಂಡುಹಿಡಿದವನು 15ನೆಯ ಶತಮಾನದ ಯಾನ್ ವಾನ್ ಐಕ್ ಎಂದು ಹೇಳಿದ್ದು ಎರಡು ಶತಮಾನಗಳಿಗೂ ಮಿಕ್ಕು ನಂಬಿಕೆಯಾಗಿ ನಿಂತಿತ್ತು. ವೊಲ್ಫೆನ್‌ಬ್ಯುಟೆಲಿನ ಗ್ರಂಥಭಂಡಾರದ ಅಧಿಕಾರಿಯಾಗಿದ್ದ ಲೆಸ್ಸಿಂಗನು ಅಲ್ಲಿಯ ಥಿಯೋಫಿಲಸ್ ಹಸ್ತಪ್ರತಿಯನ್ನು ಓದಿ, 1774ರಲ್ಲಿ ಆ ನಂಬಿಕೆಯನ್ನು ಖಂಡಿಸಿದನು. ಭಂಡಾರದ ಕಪಾಟಿನಲ್ಲಿದ್ದ ಒಂದು ಪ್ರತಿ ಸಾಕಾಯಿತು.

ಇನ್ನೂ ಹಿಂದಿನ ಸಾಕ್ಷ್ಯ ಬಂದದ್ದು ಗ್ರಂಥದಿಂದಲ್ಲ. ಆಫ್ಘಾನಿಸ್ತಾನದ ಬಾಮಿಯಾನ್‌ನ ಬೌದ್ಧ ಗುಹೆಗಳ ಭಿತ್ತಿಚಿತ್ರಗಳಿಂದ ತೆಗೆದ ಕಣಗಳನ್ನು ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನಿನಲ್ಲಿ ಪರೀಕ್ಷಿಸಿದ ಫಲ 2008ರಲ್ಲಿ ಪ್ರಕಟವಾಯಿತು. ಪರಿಶೀಲಿಸಿದ 50 ಗುಹೆಗಳಲ್ಲಿ 12ರಲ್ಲಿ ಒಣಗುವ ಎಣ್ಣೆ, ಬಹುಶಃ ಅಕ್ರೋಟು ಅಥವಾ ಗಸಗಸೆಯದು, ಕಂಡುಬಂದಿತು. ಆ ಚಿತ್ರಗಳು ಸುಮಾರು 7ನೆಯ ಶತಮಾನದ ಮಧ್ಯಭಾಗದವು. ವರಾಹಮಿಹಿರನಿಂದ ಒಂದು ಶತಮಾನದಷ್ಟು ದೂರ. ಆದರೂ ಉಜ್ಜಯಿನಿಯ ಯೋಗಕ್ಕೂ ಬಾಮಿಯಾನಿನ ಬಣ್ಣಕ್ಕೂ ನೇರ ಸಂಬಂಧ ಕಲ್ಪಿಸಲು ಆಧಾರವಿಲ್ಲ.

ಇನ್ನು ಭಂಡಾರಗಳ ವಿಚಾರ. ಓಲೆಗರಿಯ ಬಳುಕು ಉಳಿಯಲೆಂದು ಎಣ್ಣೆ ಸವರುವ ಸಂಪ್ರದಾಯ ಹಳೆಯದು. ಅದಕ್ಕಾಗಿ ಬಳಸುವ ಮಜ್ಜಿಗೆಹುಲ್ಲಿನ ಎಣ್ಣೆ, ಸಿಟ್ರೊನೆಲ್ಲಾ ಎಣ್ಣೆ, ಕರ್ಪೂರತೈಲ ಇವು ಹೆಸರಿಗೆ ಎಣ್ಣೆಯಾದರೂ ಮೇದಾಮ್ಲದ ಎಣ್ಣೆಗಳಲ್ಲ. ಅವು ಬಹುಮಟ್ಟಿಗೆ ಆರಿಹೋಗುತ್ತವೆ. ತೆರೆದ ಸೀಸೆಯಲ್ಲಿ ಹಳತಾದುದು ಮಾತ್ರ ಮಂದವಾಗಿ ಅಂಟುವುದರಿಂದ ಹೊಸದನ್ನೇ ಬಳಸುವುದು ಲೇಸು. 'ಎಣ್ಣೆ' ಎಂಬ ಒಂದೇ ಶಬ್ದವನ್ನು ನಂಬಿ ಅಗಸೆಯೆಣ್ಣೆಯನ್ನೋ, ಬಣ್ಣದಂಗಡಿಯ ವಾರ್ನಿಷನ್ನೋ ಓಲೆಗೆ ಸವರಿದರೆ, ಕಟ್ಟಿಟ್ಟ ಗರಿಗಳ ನಡುವೆ ಅದು ಬಲಿತು ಎರಡು ಗರಿಗಳನ್ನು ಒಂದೇ ಪೊರೆಯಿಂದ ಹೆಣೆದುಬಿಡುತ್ತದೆ. ನೀರಿಗೆ ಅದು ಬಿಡದು. ಬಿಡಿಸಬಲ್ಲ ಕ್ಷಾರಗಳು ಗರಿಯನ್ನೂ ಅಕ್ಷರದ ಮಸಿಯನ್ನೂ ಉಳಿಸುವುದಿಲ್ಲ. ತೆಂಗಿನೆಣ್ಣೆಯಿಂದ ಈ ಅಪಾಯವಿಲ್ಲ, ಆದರೆ ಅದು ಒಣಗದೆ ಉಳಿದು ಧೂಳನ್ನು ಹಿಡಿಯುತ್ತದೆ. ಬಿಂಬಕ್ಕೆ ವಜ್ರಲೇಪ ಮಾಡಿಸುವಾಗಲೂ ಕುಶಲಕರ್ಮಿ ತರುವ ದ್ರವ್ಯ ಯಾವ ವರ್ಗದ್ದೆಂದು ಕೇಳಿ ಬರೆದಿಡುವುದು ಅವಶ್ಯ. ಎಣ್ಣೆಯ ಲೇಪವಾದರೆ ಕೆಲವು ದಶಕಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಳಗಿನ ಶಿಲೆಗೆ ಅಥವಾ ಶಾಸನಾಕ್ಷರಕ್ಕೆ ನೋವಾಗದಂತೆ ಅದನ್ನು ತೆಗೆಯುವುದು ಕಷ್ಟಸಾಧ್ಯ.

ಕಪಾಟು, ಕಟ್ಟುಹಲಗೆಗಳಿಗೆ ಅಗಸೆಯೆಣ್ಣೆ ಉಜ್ಜುವುದಕ್ಕೆ ಅಡ್ಡಿಯಿಲ್ಲ. ಹಲಗೆ ಪೂರ್ತಿ ಬಲಿಯುವ ತನಕ ಗ್ರಂಥಗಳನ್ನು ಅದರ ಹತ್ತಿರ ಇಡಬಾರದು, ಉಜ್ಜಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಹಾಕಲೇಬಾರದು. ಆಮ್ಲಜನಕ ಸೇರುವಾಗ ಶಾಖ ಹುಟ್ಟುತ್ತದೆ. ಹಲಗೆಯ ಮೇಲೆ ಅದು ಗಾಳಿಗೆ ಹರಡಿಹೋಗುತ್ತದೆ, ಮುದ್ದೆಯ ಒಳಗೆ ಹೋಗಲು ದಾರಿಯಿಲ್ಲದೆ ಕೂಡುತ್ತ ಬರುತ್ತದೆ. ಸೊಸ್ಯೂರನ ಪಾತ್ರೆಯಲ್ಲಿ ಹತ್ತು ದಿನಗಳಲ್ಲಿ ನಡೆದ ಕ್ರಿಯೆ ಅಂಥ ಮುದ್ದೆಯಲ್ಲಿ ಕೆಲವು ಗಂಟೆಗಳಲ್ಲಿಯೇ ನಡೆದು, ಕಿಡಿಯ ಸಂಪರ್ಕವಿಲ್ಲದೆಯೂ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ಅಂಥ ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿಡಬೇಕು, ಇಲ್ಲವೆ ಭಂಡಾರದ ಹೊರಗೆ ಬಯಲಿನಲ್ಲಿ ಒಂಟಿ ಪದರವಾಗಿ ಹರಡಬೇಕು.